ಅಂಗೈಯಗಲದ ಮಡಿಕೆ

ನಾನು ಒಂದು ಗುಡಾರ. ನಾಲ್ಕು ಜನ ಮಲಗಬಹುದೆಂದು ನನ್ನ ಚೀಲದ ಮೇಲೆ ಅಚ್ಚು ಹಾಕಿದ್ದಾರೆ. ಹಸಿರು ಮೈ, ಬೂದುಬಣ್ಣದ ನೆಲ, ಎದುರಿಗೊಂದು ಜಿಪ್ಪಿನ ಬಾಗಿಲು, ನೆತ್ತಿಯೊಳಗೆ ಲಾಟೀನು ತೂಗುಹಾಕುವ ಕೊಕ್ಕೆ. ನನ್ನನ್ನು ಕಂಡವರಿಗೆ ರಜೆ ನೆನಪಾಗುತ್ತದೆ. ನನಗೆ ನೆನಪಾಗುವುದು ಸೀಟಿ.

ಹೌದು, ಸೀಟಿ. ರಾಮನಗರದ ಕಡೆಯ ಹೆದ್ದಾರಿಯ ಪಕ್ಕದಲ್ಲಿ, ತಗಡಿನ ಛಾವಣಿಯ ಕೆಳಗೆ, ಮುನ್ನೂರು ಹೊಲಿಗೆ ಮಷೀನುಗಳ ನಡುವೆ ನಾನು ಹುಟ್ಟಿದೆ. ಗಂಟೆಗೊಮ್ಮೆ ಸೂಪರ್‌ವೈಸರ್ ಸೀಟಿ ಊದುತ್ತಿದ್ದ. ಊದಿದಾಗ ಯಾವ ಲೈನು ಎಷ್ಟು ಮುಗಿಸಿದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹಿಂದೆ ಬಿದ್ದ ಲೈನಿನ ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಕಕ್ಕಸಿಗೆ ಹೋಗಬೇಕು, ಹೋಗಲು ಟೋಕನ್ ಬೇಕು, ಟೋಕನ್ ಲೈನಿಗೆ ಒಂದೇ. ನನ್ನ ಗೋಡೆಯನ್ನು ನೆಲಕ್ಕೆ ಕೂಡಿಸಿದವಳ ಹೆಸರು ಸಾಕಮ್ಮ. ನಾನು ಕೇಳಿದ ಮೊದಲ ಮಾತು ಸೂಪರ್‌ವೈಸರ್ ಬಾಯಿಂದ ಅವಳ ಮೇಲೆ ಬಿದ್ದದ್ದು.

"ಏಯ್ ಸಾಕಮ್ಮ, ಕೈಗೆ ಲಕ್ವ ಹೊಡ್ದದಾ? ಇಲ್ಲಾ ಮನೇಲಿ ಗಂಡನ ಕಾಲೊತ್ತಿ ಸುಸ್ತಾಗಿ ಬಂದಿದ್ದೀಯಾ?"

ಅವಳು ತಲೆ ಎತ್ತಲಿಲ್ಲ. ಬೆರಳು ಮಾತ್ರ ನಡುಗಿತು. ಆ ನಡುಕ ದಾರದ ಗುಂಟ ನನ್ನೊಳಗೆ ಬಂತು. ಇವತ್ತಿಗೂ ಹೋಗಿಲ್ಲ. ಗಾಳಿ ಬೀಸಿದಾಗ ಗುಡಾರ ಅಲುಗುತ್ತದೆ ಎಂದು ನೀವು ತಿಳಿದಿದ್ದೀರಿ. ಎಲ್ಲ ಸಲವೂ ಗಾಳಿಯಲ್ಲ.

ನನ್ನ ಮೈಯ ಒಂದು ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಗೋಡೆ ನೆಲಕ್ಕೆ ಸೇರುವ ಕಡೆ ನೀರು ನುಗ್ಗದಿರಲಿ ಎಂದು ಬಟ್ಟೆಯನ್ನು ಎರಡು ಸಲ ಮಡಿಚಿ ಹೊಲಿಯುತ್ತಾರೆ. ಆ ಮಡಿಕೆ ಅಂಗೈಯಗಲ. ಹೊರಗಿನಿಂದ ಬರೀ ದಪ್ಪ ಅಂಚು, ಒಳಗೆ ಟೊಳ್ಳು. ಕಾರ್ಖಾನೆಯ ದೊಡ್ಡವರಿಗೆ ಅದು ಗೊತ್ತಿಲ್ಲ, ಅವರು ಯಾವತ್ತೂ ಹೊಲಿದವರಲ್ಲ. ಹೊಲಿಯುವವರಿಗೆ ಗೊತ್ತು.

ಆಗ ಆ ಹೆಂಗಸರು ಭಾನುವಾರಗಳಂದು ಒಬ್ಬೊಬ್ಬರ ಮನೆಯಲ್ಲಿ ಕೂಡಿ ಕೂಲಿಯವರ ಕಾನೂನು ಓದುತ್ತಿದ್ದರು. ಓದು ಬಲ್ಲವಳು ಗಟ್ಟಿಯಾಗಿ ಓದುವುದು, ಬಾರದವಳು ಅಡ್ಡಪ್ರಶ್ನೆ ಹಾಕುವುದು. ಅದರ ಸುಳಿವು ಹತ್ತಿದ ಮೇಲೆ ಗೇಟಿನಲ್ಲಿ ಸೆರಗು, ಚೀಲ, ಊಟದ ಡಬ್ಬಿ ಎಲ್ಲವನ್ನೂ ತಡಕತೊಡಗಿದರು. ದಾರದುಂಡೆ ಕದ್ದಾರೆಂದಲ್ಲ, ಕಾಗದ ಸಿಕ್ಕೀತೆಂದು. ಒಂದು ಸಂಜೆ ತಡಕಾಟ ಜೋರಾದಾಗ ಸಾಕಮ್ಮ, ಸಭೆಗೆ ಬರುವವರ ಹೆಸರಿದ್ದ ಚೀಟಿಯನ್ನು ನನ್ನ ಮಡಿಕೆಯೊಳಗೆ ತಳ್ಳಿ, ಮೇಲೆ ನಾಲ್ಕು ಹೊಲಿಗೆ ಹಾಕಿ, ಬರಿಗೈಯಲ್ಲಿ ಗೇಟು ದಾಟಿದಳು. ಮರುದಿನ ಬೆಳಿಗ್ಗೆ ಬಿಚ್ಚಿ ತೆಗೆದುಕೊಂಡಳು. ಇಪ್ಪತ್ತಾರು ಹೆಸರು ನನ್ನೊಳಗೆ ತಂಗಿದ್ದವು. ಯಾರಾದರೂ ನನ್ನನ್ನು ಎತ್ತಿ ಝಾಡಿಸಿದ್ದರೆ ಏನಾಗುತ್ತಿತ್ತೋ.

ಆಮೇಲೆ ನನಗೊಂದು ನಂಬರಿನ ಚೀಟಿ ಅಂಟಿಸಿ, ಮಡಿಚಿ, ಪೆಟ್ಟಿಗೆಗೆ ತುಂಬಿ, ಹಡಗು ಹತ್ತಿಸಿದರು.

ನಾನು ಇಳಿದದ್ದು ಫ್ರಾನ್ಸಿನಲ್ಲಿ. ದಕ್ಷಿಣದ ಒಂದು ಸಣ್ಣ ಪಟ್ಟಣ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನಮ್ಮಲ್ಲಿ ಅಂಥದ್ದೆಲ್ಲ ಆಗುವುದಿಲ್ಲ ಅನ್ನುತ್ತಾರೆ, ಪಕ್ಕದೂರಿನವರು ಸದ್ಯ ನಮ್ಮೂರಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಕಲ್ಲಿನ ಸೇತುವೆ, ಚರ್ಚಿನ ಗಡಿಯಾರ, ಗುರುವಾರದ ಸಂತೆ, ಸುತ್ತ ಪೀಚ್ ಹಣ್ಣಿನ ತೋಟಗಳು. ಊರಿನಾಚೆ ನದಿ ದಂಡೆಯಲ್ಲಿ ಒಂದು ಕ್ಯಾಂಪಿಂಗ್ ಮೈದಾನ. ರಜೆಗೆ ಬಂದ ಸಂಸಾರಗಳು ಅಲ್ಲಿ ಒಂದೊಂದು ತುಂಡು ಹುಲ್ಲುನೆಲ ಬಾಡಿಗೆ ಹಿಡಿದು ಗುಡಾರ ಹಾಕುತ್ತವೆ. ಮೈದಾನ ನೋಡಿಕೊಳ್ಳುವವಳು ಸೊಲಾಂಜ್. ಅರವತ್ತು ದಾಟಿದ ಹೆಂಗಸು, ಮಂಡಿನೋವು, ಬಾಯಲ್ಲಿ ಸದಾ ಪುದೀನ ಮಿಠಾಯಿ.

ನನ್ನ ಮೊದಲ ಒಡೆಯರು ಒಬ್ಬ ಮೇಷ್ಟ್ರು, ಅವನ ಹೆಂಡತಿ, ಅವಳಿ ಹೆಣ್ಣುಮಕ್ಕಳು. ಎರಡು ಬೇಸಿಗೆ ಬಂದರು. ಅವರಿಂದ ನಾನು ಆ ದೇಶದ ಮಾತು ಕಲಿತೆ. ಅವರಿಗೂ ಹೆದರಿಕೆಗಳಿದ್ದವು: ಕಣಜ ಕಚ್ಚೀತು, ಮಳೆ ಬಂದೀತು, ಬಿಸಿಲಿಗೆ ಮೂಗು ಸುಲಿದೀತು. ಮುದ್ದು ಹೆದರಿಕೆಗಳು. ಎರಡನೇ ವರ್ಷ ನನ್ನ ಒಂದು ಕೋಲು ಸೀಳಿತು. ಅವರು ಹೊಸ ಗುಡಾರ ಕೊಂಡು, ನನ್ನನ್ನು ಆಫೀಸಿನ ಬಾಗಿಲಲ್ಲಿ ಇಟ್ಟು ಕಾರು ಹತ್ತಿದರು. ಹಿಂದಿರುಗಿ ನೋಡಲಿಲ್ಲ. ನೋಡಬೇಕೆಂದು ನಾನು ಕಾದೆನೇ? ಕಾದೆ. ಸೊಲಾಂಜ್ ಸೀಳಿದ ಕೋಲಿಗೆ ತಾಮ್ರದ ಕೊಳವೆ ತೊಡಿಸಿ ನನ್ನನ್ನು ಶೆಡ್ಡಿನಲ್ಲಿಟ್ಟಳು.

ಮೂರನೇ ಬೇಸಿಗೆ ಬಂದವನು ದೇವೇಂದ್ರ. ತೆಳ್ಳನೆಯ ಬಿಳಿ ಜಾಕೆಟ್ಟು, ಬೆರಳಿಗೆ ಎರಡು ಉಂಗುರ. ಸೊಲಾಂಜಳ ಹತ್ತಿರ ಅಲ್ಲಿನ ಭಾಷೆಯಲ್ಲಿ ನಯವಾಗಿ ಮಾತಾಡಿ, "ನನ್ನ ತಂಗಿಯ ಸಂಸಾರ ಇಂಡಿಯಾದಿಂದ ರಜೆಗೆ ಬಂದಿದೆ" ಎಂದು ಮೂಲೆಯ ಜಾಗ ಹಿಡಿದು, ಶೆಡ್ಡಿನಿಂದ ನನ್ನನ್ನೂ ಕೇಳಿ ಪಡೆದ. ಆಮೇಲೆ ವ್ಯಾನಿನ ಕಡೆ ತಿರುಗಿ ಕೂಗಿದ:

"ಇಳೀರಿ ಇಳೀರಿ. ನಗ್‌ನಗ್ತಾ ಇಳೀರಿ. ಸಾವಿಗೆ ಬಂದೋರಂಗೆ ಬರಬ್ಯಾಡಿ."

ನನ್ನ ಬಟ್ಟೆ ಜುಮ್ಮೆಂದಿತು. ಮೂರು ವರ್ಷದ ಮೇಲೆ ಕನ್ನಡ ಕೇಳಿದೆ, ಕೇಳಿದ್ದು ಅಪ್ಪಣೆಯ ದನಿಯಲ್ಲೇ.

ಇಳಿದವರು ಮೂವರು. ಲಿಂಗರಾಜು, ಎತ್ತರದ, ಮಾತು ಕಡಿಮೆಯ ಗಂಡಸು. ಅವನ ಹೆಂಡತಿ ಜಯಶೀಲ. ಅವರ ಮಗಳು ಸಿಂಚನ, ಒಂಬತ್ತು ವರ್ಷ, ಮುಂದಿನ ಹಲ್ಲು ಅರ್ಧ ಬಂದಿತ್ತು. ಒಳಗೆ ಹಾಸಿಗೆ ಹಾಸಲು ಬಗ್ಗಿದ ಜಯಶೀಲಳ ಕೈ ನನ್ನ ಅಂಚಿನ ಮೇಲೆ ಹರಿದಾಡಿ ಥಟ್ಟನೆ ನಿಂತಿತು. ನಂಬರಿನ ಚೀಟಿ ಹುಡುಕಿ ಓದಿದಳು. ಅಂಚನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು.

"ಏನ್ರೀ, ಇದು ನಮ್ ಕಡೆ ಹೊಲಿಗೆ ಕಣ್ರೀ. ನಮ್ ಫ್ಯಾಕ್ಟ್ರಿದಲ್ಲ, ಎದುರುಗಡೆ ಗೇಟಿಂದು. ಈ ಮಡಿಕೆ ನಾನೂ ಎರಡ್ ವರ್ಷ ಹೊಲ್ದಿವ್ನಿ."

"ಗುಡಾರಕ್ಕೂ ನೆಂಟಸ್ತನ ಬೆಳೆಸ್ತೀಯಲ್ಲಮ್ಮಿ," ಎಂದು ಲಿಂಗರಾಜು ನಕ್ಕ. ಆ ಮೈದಾನದಲ್ಲಿ ಅವನು ಅಪ್ಪಣೆಯಿಲ್ಲದೆ ನಕ್ಕದ್ದು ಅದೊಂದೇ ಸಲ.

ಅವರ ಕತೆ ನನಗೆ ತುಂಡುತುಂಡಾಗಿ ತಿಳಿಯಿತು. ಜಯಶೀಲ ಹೊಲಿಗೆ ಲೈನಿನಲ್ಲಿದ್ದವಳು. ಟೋಕನ್ ಇಲ್ಲದೆ ಕಕ್ಕಸಿಗೆ ಹೋಗುವ ಹಕ್ಕು ಕೇಳಿದ್ದಕ್ಕೆ ಕೆಲಸ ಹೋಯಿತು. ಆ ರಸ್ತೆಯ ಯಾವ ಗೇಟೂ ಮತ್ತೆ ಅವಳಿಗೆ ತೆರೆಯಲಿಲ್ಲ. ಊರಿನ ಕಡೆಯ ಪರಿಚಯದವನಾದ ದೇವೇಂದ್ರ ಬಂದು, ಫ್ರಾನ್ಸಿನಲ್ಲಿ ತೋಟದ ಕೆಲಸ, ಇರಲು ಮನೆ, ಮಗುವಿಗೆ ಶಾಲೆ ಎಂದ. ಕರೆತಂದದ್ದು ಪ್ರವಾಸದ ವೀಸಾದಲ್ಲಿ. ವಿಮಾನ ಇಳಿದ ಕೂಡಲೇ, "ಕೊಡಿ, ಕಳ್ಕೊಂಡ್ಬಿಟ್ಟೀರಿ, ನಾನ್ ಜ್ವಾಪಾನ ಮಾಡ್ತೀನಿ" ಎಂದು ಮೂರು ಪಾಸ್‌ಪೋರ್ಟ್‌ಗಳನ್ನೂ ಜೇಬಿಗೆ ಹಾಕಿಕೊಂಡ. ಮನೆ ಎಂದರೆ ನಾನು. ಶಾಲೆ ಎಂದರೆ ಅವನೇ ಕಲಿಸಿದ ಒಂದು ವಾಕ್ಯ.

"ಯಾರೇ ಏನೇ ಕೇಳಲಿ, ಒಂದೇ ಮಾತು. ನೂ ಸೊಮ್ ಆಂ ವಕಾಂಸ್. ಹೇಳಿ."

"ನೂ ಸೊಮ್ ಆಂ ವಕಾಂಸ್," ಎಂದರು ಮೂವರೂ. ನಾವು ರಜೆಯಲ್ಲಿದ್ದೇವೆ ಎಂದು ಅದರ ಅರ್ಥ.

"ಬೇರೆ ಬಾಯ್ಬಿಟ್ರೆ ಪೊಲೀಸು. ಭಾವಂಗೆ ಜೈಲು. ಮಗೂನ ಇಲ್ಲಿ ಸರ್ಕಾರದೋರು ಇಟ್ಕೊಂತಾರೆ, ಕೊಡಲ್ಲ. ಆಮೇಲೆ ದೇವಣ್ಣ ಹೇಳ್ನಿಲ್ಲ ಅನ್ಬ್ಯಾಡಿ."

ಮಗುವಿನ ಮಾತು ಬಂದಾಗಲೇ ಜಯಶೀಲ ಸಿಂಚನಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅವಳ ಮುಖದಲ್ಲಿ ನಾನು ಸಾಕಮ್ಮನ ಬೆರಳಿನ ನಡುಕವನ್ನು ಕಂಡೆ.

ದಿನ ಹೀಗೆ ನಡೆಯುತ್ತಿತ್ತು. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಲಿಂಗರಾಜು, ಕಡಲತೀರಕ್ಕೆ ಹೊರಟವನಂತೆ ಚಡ್ಡಿ ಟೋಪಿ ಹಾಕಿಕೊಂಡು, ಸೇತುವೆಯ ತನಕ ನಡೆದು ವ್ಯಾನು ಹತ್ತಿ ಪೀಚ್ ತೋಟಕ್ಕೆ ಹೋಗುತ್ತಿದ್ದ. ಸಂಜೆ ಬಂದಾಗ ಕತ್ತಿನ ತುಂಬ ಹಣ್ಣಿನ ಸಿಪ್ಪೆಯ ಸುಂಕು, ಕೆರೆತ. ಹಣ್ಣು ಕೀಳುವವರ ಹೆಗಲ ಚೀಲಗಳು ಹರಿದರೆ ದೇವೇಂದ್ರ ಅವನ್ನು ತಂದು ಸುರಿಯುತ್ತಿದ್ದ. ಜಯಶೀಲ ಜಿಪ್ಪು ಎಳೆದುಕೊಂಡು, ಕುಲುಮೆಯಂತೆ ಕಾದ ನನ್ನೊಳಗೆ ಕೂತು ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದಳು. ಹೊರಗೆ ಯಾವುದಾದರೂ ಹೆಜ್ಜೆ ಸದ್ದಾದರೆ ಚೀಲಗಳನ್ನು ಚಾಪೆಯ ಕೆಳಗೆ ತಳ್ಳಿ, ಸುಮ್ಮನೆ ಕೂತು, ತುಟಿ ಅಲುಗಿಸುತ್ತಿದ್ದಳು: ನೂ ಸೊಮ್ ಆಂ ವಕಾಂಸ್. ಸಿಂಚನಳಿಗೆ ಆಡಲು ಅಪ್ಪಣೆಯಿತ್ತು, ಮಾತಾಡಲು ಇರಲಿಲ್ಲ. ಅವಳು ಉಯ್ಯಾಲೆಯ ಹತ್ತಿರ ಮೂಕಿಯಂತೆ ನಿಂತು, ಬೇರೆ ಮಕ್ಕಳ ಮಾತನ್ನು ಕಿವಿಯಲ್ಲಿ ತುಂಬಿಕೊಂಡು ಬಂದು, ನನ್ನೊಳಗೆ ದಿಂಬಿಗೆ ಹೇಳಿಕೊಡುತ್ತಿದ್ದಳು. ಇದಕ್ಕೆ ಬೇಸಿಗೆ ರಜೆ ಎಂದು ಹೆಸರು!

ಪ್ರತಿ ಭಾನುವಾರ ದೇವೇಂದ್ರ ಬರುತ್ತಿದ್ದ. ರಾಗಿಹಿಟ್ಟು ತರುತ್ತಿದ್ದ. ಅವನಿಗೆ ಮುದ್ದೆಯ ಚಟ. ಜಯಶೀಲ ತೋಟದ ಬದುವಿನಲ್ಲಿ ಗಂಡ ಕಿತ್ತು ತಂದ ಗೋಳಿಸೊಪ್ಪು, ದಂಟಿನ ಸೊಪ್ಪು ಬೇಯಿಸಿ ಮಸ್ಸೊಪ್ಪು ಮಾಡಬೇಕು. ಅಲ್ಲಿನವರು ಆ ಸೊಪ್ಪನ್ನು ಕಳೆ ಎಂದು ಎಸೆಯುತ್ತಾರೆ. ಹೊರಗೆ ಕೂತು ಉಣ್ಣಲು ಅವನು ಒಪ್ಪುತ್ತಿರಲಿಲ್ಲ. "ಜನ ಮಾಂಸ ಸುಟ್ಕೊಂಡ್ ತಿಂತಾವ್ರೆ, ನಾವ್ ಮುದ್ದೆ ನುಂಗ್ತಾ ಕೂತ್ರೆ ಕಣ್ ಬೀಳ್ತದೆ" ಎಂದು ಒಳಗೆ ಬಂದು, ಜಿಪ್ಪು ಎಳೆಸಿ, ಸೆಕೆಗೆ ಜಾಕೆಟ್ಟು ಬಿಚ್ಚಿ ನನ್ನ ಕೊಕ್ಕೆಗೆ ನೇತುಹಾಕಿ, ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದ. ಉಂಡಾದ ಮೇಲೆ ಮೂವರನ್ನೂ ನನ್ನ ಮುಂದೆ ನಿಲ್ಲಿಸಿ ಫೋಟೋ.

"ಭಾವ, ಹಲ್ಲು ತೋರ್ಸು. ಯೂರೋಪಿಗೆ ಬಂದೋನು ಹರಳೆಣ್ಣೆ ಕುಡ್ದಂಗಿದ್ರೆ ಊರಲ್ಲಿ ನೋಡ್ದೋರು ಏನಂದ್ಕತಾರೆ?"

ಆ ಫೋಟೋ ತೋರಿಸಿ ಅವನು ಮುಂದಿನ ಸಂಸಾರವನ್ನು ಕರೆತರುತ್ತಾನೆ ಎಂದು ಜಯಶೀಲಳಿಗೆ ಗೊತ್ತಿತ್ತು. ಗೊತ್ತಿದ್ದೂ ನಗಬೇಕಿತ್ತು. ನಾನೂ ಆ ಚಿತ್ರಗಳಲ್ಲಿ ಇದ್ದೇನೆ. ಹಿಂದೆ ಹಸಿರಾಗಿ, ಚೆಂದವಾಗಿ ನಿಂತಿದ್ದೇನೆ. ನನಗೆ ಅದರ ನಾಚಿಕೆಯಿದೆ.

ಅವರು ಸಿಕ್ಕಿಬಿದ್ದದ್ದು ಒಂದು ಪೊರಕೆಯಿಂದ.

ಮನೆಯೆಂದರೆ ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಬೇಕು, ನೀರು ಚಿಮುಕಿಸಬೇಕು, ಒಂದೆಳೆಯಾದರೂ ರಂಗೋಲಿ ಬಿಡಬೇಕು. ಜಯಶೀಲಳಿಗೆ ಇದು ಯೋಚಿಸಿ ಮಾಡುವ ಕೆಲಸವಲ್ಲ, ಕಣ್ಣು ಬಿಟ್ಟಷ್ಟು ಸಹಜ. ಬಂದ ಮೂರನೇ ದಿನಕ್ಕೇ ಹೊಳೆದಂಡೆಯ ಕಡ್ಡಿಗಿಡ ಕಟ್ಟಿ ಪೊರಕೆ ಮಾಡಿಕೊಂಡಿದ್ದಳು. ನನ್ನ ಎದುರಿನ ಎರಡು ಮಾರು ನೆಲವನ್ನು ದಿನಾ ಗುಡಿಸಿ, ಕೊಳಾಯಿ ನೀರು ಚಿಮುಕಿಸಿ, ಸುಣ್ಣಕಲ್ಲಿನ ಪುಡಿಯಲ್ಲಿ ಐದು ಚುಕ್ಕಿಯ ಒಂದು ಹೂವು ಬಿಡುತ್ತಿದ್ದಳು. ರಜೆಯವರಂತೆ ಬಟ್ಟೆ ಹಾಕಿದರು, ರಜೆಯವರಂತೆ ನಕ್ಕರು, ರಜೆಯವರ ವಾಕ್ಯ ಕಲಿತರು. ರಜೆಗೆ ಬಂದವರು ಅಂಗಳ ಗುಡಿಸುವುದಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವರನ್ನು ಹೆದರಿಸಿ ಪಳಗಿಸಿದ ದೇವೇಂದ್ರನಿಗೂ ಹೊಳೆಯಲಿಲ್ಲ. ಅವನು ಬರುವಷ್ಟರಲ್ಲಿ ಮಧ್ಯಾಹ್ನವಾಗಿ ರಂಗೋಲಿ ತುಳಿದು ಹೋಗಿರುತ್ತಿತ್ತು.

ಇಪ್ಪತ್ತಮೂರನೇ ದಿನ, ಗುರುವಾರ, ಸೊಲಾಂಜ್ ಬಂದು ಆ ಹೂವಿನ ಮುಂದೆ ನಿಂತಳು. ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ಭಾಷೆಯಲ್ಲಿ ಮೆಲ್ಲಗೆ ಹೇಳಿದಳು: "ಮೂವತ್ತು ವರ್ಷದಿಂದ ಈ ಮೈದಾನ ನೋಡಿಕೊಳ್ಳುತ್ತಿದ್ದೇನೆ. ಗುಡಾರದ ಮುಂದೆ ಗುಡಿಸಿದವರನ್ನು ಕಂಡಿಲ್ಲ. ನಿಮ್ಮ ರಜೆ ಯಾವಾಗ ಮುಗಿಯುತ್ತದೆ?"

ಜಯಶೀಲಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿ, ಒಂದೇ ಉಸಿರಿಗೆ ಅಂದಳು: "ನೂ ಸೊಮ್ ಆಂ ವಕಾಂಸ್."

ಸೊಲಾಂಜ್ ನಗಲಿಲ್ಲ. ಜಯಶೀಲಳ ಸೂಜಿಗಾಯದ ಬೆರಳನ್ನು ನೋಡಿದಳು, ಒಳಗೆ ಮುದುರಿ ಕೂತ ಹುಡುಗಿಯನ್ನು ನೋಡಿದಳು, ಹೋದಳು. ಎಷ್ಟು ಒಳ್ಳೆಯವಳೋ ಅಷ್ಟೇ ತಿಳಿಗೇಡಿ. ಏನಾದರೂ ಸರಿಯಿಲ್ಲವೇ ಎಂದು ಕೇಳಲು, ಜಾಗ ಹಿಡಿದವನಿಗೇ ಫೋನು ಮಾಡಿದಳು.

ಶುಕ್ರವಾರ ಸಂಜೆ ದೇವೇಂದ್ರ ಲಿಂಗರಾಜುವಿಗೆ ಫೋನು ಮಾಡಿದ. ಸ್ಪೀಕರು ಹಾಕಿ ಇಬ್ಬರೂ ಕೇಳಿದರು.

"ಗುಡಿಸಿದ್ಲಂತೆ! ಪಿಕ್ನಿಕ್‌ಗೆ ಬಂದೋರು ಬಾಗಿಲ್ ಸಾರಿಸ್ತಾರೇನಯ್ಯಾ? ಅಲ್ಲೇ ತುಳಸಿಕಟ್ಟೆನೂ ಕಟ್ಬುಡ್ಬೇಕಿತ್ತು. ಭಾನ್ವಾರ ಉಂಡ್ಕಂಡು ಖಾಲಿ ಮಾಡ್ಸ್ತೀನಿ. ಭಾವ, ನೀನು ಉತ್ತರಕ್ಕೆ, ದ್ರಾಕ್ಷಿ ತೋಟಕ್ಕೆ. ತಂಗಿ, ಮಗು, ಪ್ಯಾರಿಸ್‌ಗೆ. ಒಂದ್ ದೊಡ್ ಮನೆ ಅದೆ, ಮನೆಗೆಲಸ."

"ಬ್ಯಾರೆ ಬ್ಯಾರೆನಾ?" ಎಂದ ಲಿಂಗರಾಜು.

"ಸ್ವಲ್ಪ ದಿನ ಅಷ್ಟೇಯಾ."

"ಎಷ್ಟ್ ದಿನ ಅಣ್ಣ?"

ಆಗ ಜಯಶೀಲ ಫೋನು ತೆಗೆದುಕೊಂಡು, ಬಲು ಸಣ್ಣ ದನಿಯಲ್ಲಿ ಕೇಳಿದಳು: "ಅಣ್ಣ, ಟ್ರೈನಲ್ಲಿ ಚೆಕ್ ಮಾಡಿದ್ರೆ? ನಮ್ ತಾವ ಏನೂ ಇಲ್ವಲ್ಲ."

"ಪಾಸ್‌ಪೋರ್ಟ್ ತರ್ತೀನಿ, ನನ್ ಜೇಬಲ್ಲೇ ಇರ್ತವೆ. ನಾನೇ ಕೂರ್ಸಿ ಬರ್ತೀನಿ. ಹೊಸಾ ರಾಗಿಹಿಟ್ಟೂ ತರ್ತೀನಿ, ಕಡೇ ಸಲ ಚೆನ್ನಾಗ್ ಮಾಡ್ಹಾಕು."

ಕಡೇ ಸಲ. ಲಿಂಗರಾಜು ತಲೆಗೆ ಕೈಹೊತ್ತು ಕೂತ. ಜಯಶೀಲ ಕೂರಲಿಲ್ಲ. ಶನಿವಾರ ಮಧ್ಯಾಹ್ನ, ಹುಡುಗಿ ಹೊರಗಿದ್ದಾಗ, ಅವಳು ನನ್ನ ಹಿಂದಿನ ಮೂಲೆಗೆ ಬಂದು ಮಂಡಿಯೂರಿದಳು. ಹೊಲಿಗೆಯನ್ನು ಬೆರಳಿನಿಂದ ಓದಿದಳು. ಬ್ಲೇಡಿನ ತುದಿಯಿಂದ ಒಂದೊಂದೇ ಎಳೆ ಕತ್ತರಿಸಿ, ಅಂಗೈ ತೂರುವಷ್ಟು ಬಾಯಿ ತೆರೆದಳು. ನೋವಾಗಲಿಲ್ಲ. ಹೆದರಿಕೆಯಾಯಿತು, ಯಾಕೆಂದರೆ ಅವಳು ಏನು ಮಾಡಲಿದ್ದಾಳೆಂದು ನನಗೆ ಆ ಕ್ಷಣ ತಿಳಿದುಹೋಯಿತು. ಇದು ಚೀಟಿಯಲ್ಲ. ಸಿಕ್ಕಿದರೆ ಹೋಗುವುದು ಕೆಲಸವಲ್ಲ.

ಭಾನುವಾರ ಹನ್ನೆರಡೂವರೆ. ನನ್ನೊಳಗೆ ಕಾವು ಏರಿತ್ತು. ದೇವೇಂದ್ರ ಬಂದ, ಜಿಪ್ಪು ಎಳೆಸಿದ, ಜಾಕೆಟ್ಟನ್ನು ಕೊಕ್ಕೆಗೆ ಹಾಕಿದ. ಜಾಕೆಟ್ಟಿನ ಒಳಜೇಬು ಭಾರವಾಗಿತ್ತು. ಆ ಭಾರ ನನ್ನ ನೆತ್ತಿಯನ್ನು ಕೆಳಗೆ ಎಳೆಯಿತು. ಜಯಶೀಲ ತಟ್ಟೆಗೆ ಎರಡು ಮುದ್ದೆ ಹಾಕಿ ಸುಡುಸುಡುವ ಸಾರು ಬಿಟ್ಟು, ಅವನ ಬೆನ್ನ ಹಿಂದೆ, ಬಡಿಸುವವಳು ನಿಲ್ಲುವ ಜಾಗದಲ್ಲಿ ನಿಂತಳು. ಲಿಂಗರಾಜು ಎದುರಿಗೆ ಕೂತು ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಅವನಿಗೂ ಅವಳು ಏನೂ ಹೇಳಿರಲಿಲ್ಲ, ಅವನ ಮುಖಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ.

"ಆಹಾ. ಈ ಮಸ್ಸೊಪ್ಪಿಗೆ ಏನ್ ಬೇಕಾದ್ರೂ ಕೊಡಬೌದು ತಂಗಿ."

"ಉಣ್ಣಣ್ಣ. ಇನ್ನೊಂದ್ ಸೌಟು ಬಿಡ್ಲಾ?"

ಒಂದು ಕೈಯಲ್ಲಿ ಸೌಟು ಬಗ್ಗಿಸಿದಳು. ಇನ್ನೊಂದು ಕೈ ಮೇಲೆ ಹೋಯಿತು. ಜೇಬಿನ ಗುಂಡಿ ಬಿಚ್ಚಿತು. ಮುದ್ದೆ ಉಣ್ಣುವವನು ತಲೆ ಎತ್ತುವುದಿಲ್ಲ. ಕೈಯೆಲ್ಲ ಅಂಟು, ಕಣ್ಣು ಸಾರಿನ ಮೇಲೆ. ಒಂದು ಪುಸ್ತಕ ಬಂತು. ಎರಡು. ಮೂರನೆಯದು ಜೇಬಿನ ಅಸ್ತರಿಗೆ ಸಿಕ್ಕಿಕೊಂಡಿತು. ಅವಳು ಎಳೆದಳು, ಕೊಕ್ಕೆ ಕಿರ್ ಎಂದಿತು. ನನ್ನ ಕೊಕ್ಕೆ! ನನ್ನದೇ ಮೈ ಅವಳನ್ನು ಹಿಡಿದುಕೊಟ್ಟಿತೆಂದು ನನ್ನ ಜೀವ ಹೋಯಿತು.

ದೇವೇಂದ್ರ ಅರ್ಧ ತಿರುಗಿದ. "ಏನ್ ಸದ್ದು?"

"ಸೆಕೆ ಅಲ್ವಾ ಅಣ್ಣ, ಜಾಕೀಟು ಬಾಗ್ಲುಕಡೆ ಸರ್ಸ್‌ದೆ, ಗಾಳಿ ಬರ್ಲಿ ಅಂತ."

ಅವನು ಇನ್ನೊಂದು ತುತ್ತು ನುಂಗಿದ.

ಉಂಡು, ಎಂಜಲ ಕೈ ಎತ್ತಿಹಿಡಿದು ಕೊಳಾಯಿಗೆ ಹೋದ. ಬಂದು ಜಾಕೆಟ್ಟು ಹೆಗಲಿಗೆ ಹಾಕಿಕೊಂಡು, ಸೊಲಾಂಜಳ ಆಫೀಸಿನಲ್ಲಿ ಖಾಲಿ ಮಾಡುವ ಕಾಗದಕ್ಕೆ ಸಹಿ ಹಾಕಲು ನಡೆದ. ಜಯಶೀಲ ಸೀರೆಯ ನೆರಿಗೆಯಿಂದ ಮೂರು ಪಾಸ್‌ಪೋರ್ಟ್ ತೆಗೆದು ನನ್ನ ಮಡಿಕೆಯೊಳಗೆ ತಳ್ಳಿ ಸೂಜಿ ಹಿಡಿದಳು. ಲಿಂಗರಾಜು ನೋಡಿ ಬಾಯಿ ತೆರೆದ.

"ಅಮ್ಮೀ, ಕೊಲ್ತಾನೆ ಕಣೇ!"

"ಸುಮ್ಕೆ ಹೊರಗ್ ನಿಂತ್ಕಳಿ. ಬಂದ್ರೆ ಕೆಮ್ಮಿ."

ಮಷೀನಿನ ಹೊಲಿಗೆಯಂತೆಯೇ ಕಾಣುವ ಕೈಹೊಲಿಗೆ ಒಂದಿದೆ, ಪ್ರತಿ ಹೊಲಿಗೆಗೂ ಹಿಂದಕ್ಕೆ ಬಂದು ಮುಂದೆ ಹೋಗಬೇಕು. ಹದಿನಾಲ್ಕು ಹೊಲಿಗೆ ಬೇಕಿತ್ತು. ಹಳೆಯ ತೂತುಗಳಲ್ಲೇ ಸೂಜಿ ಇಳಿಸಿದಳು. ಐದು. ಎಂಟು. ಹನ್ನೊಂದಕ್ಕೆ ಲಿಂಗರಾಜು ಕೆಮ್ಮಿದ. ಹದಿಮೂರಕ್ಕೆ ಜಿಪ್ಪು ಹರಿಯುವಂತೆ ತೆರೆಯಿತು. ಕೊನೆಯ ಹೊಲಿಗೆ ಹಾಕಲಾಗಲಿಲ್ಲ. ಸೂಜಿಯನ್ನು ಮಡಿಕೆಯಲ್ಲೇ ಹುದುಗಿಸಿ ಅವಳು ಎದ್ದುನಿಂತಳು.

"ಎಲ್ಲಿ?" ಎಂದ ದೇವೇಂದ್ರ.

"ಏನಣ್ಣ?"

"ಆಟ ಆಡ್ಬ್ಯಾಡ. ಜೇಬಲ್ಲಿದ್ದವು ಎಲ್ಲಿ?"

ಅವನು ಹಾಸಿಗೆ ಕೊಡವಿದ. ರಾಗಿಹಿಟ್ಟು ಸುರಿದ. ಜಯಶೀಲಳನ್ನು ಒಂದು ಪಕ್ಕಕ್ಕೆ ನಿಲ್ಲಿಸಿ ಕೈ ಎತ್ತಿಸಿ, ಸೆರಗು, ನೆರಿಗೆ ಎಲ್ಲವನ್ನೂ ತಡಕಿದ. ಅವಳು ಕಣ್ಣು ಮುಚ್ಚಿ ನಿಂತಳು. ಕಾರ್ಖಾನೆಯ ಗೇಟಿನಲ್ಲಿ ನಿಂತು ಅಭ್ಯಾಸವಾದ ನಿಲುವು ಅದು. ಸಾವಿರಾರು ಹೆಂಗಸರು ಹಾಗೆ ನಿಂತದ್ದನ್ನು ನಾನು ಬಲ್ಲೆ. ಹೊರಗೆ ಹುಡುಗಿ ಅಪ್ಪನ ಕಾಲನ್ನು ಅಪ್ಪಿಕೊಂಡಿದ್ದಳು. ಆಮೇಲೆ ದೇವೇಂದ್ರ ನೆಲಕ್ಕೆ ಕೂತು ನನ್ನ ಅಂಚನ್ನು ಬಾಗಿಲಿನಿಂದ ಸುತ್ತ ಸವರುತ್ತ ಬಂದ. ಒಂದು ಮೂಲೆ. ಎರಡನೇ ಮೂಲೆ. ಅವನ ಉಂಗುರಗಳು ನನ್ನ ಮೈಗೆ ತಣ್ಣಗೆ ತಾಗುತ್ತಿದ್ದವು. ಮೂರನೇ ಮೂಲೆ.

"ಅಯ್ಯಮ್ಮಾ!"

ಸೂಜಿ ಅವನ ಬೆರಳಿಗೆ ಇಳಿದಿತ್ತು.

"ಹೊಲಿಯೋಳ್ ಮನೇಲಿ ಸೂಜಿ ಇರದೆ ಇರ್ತದಾ ಅಣ್ಣ?" ಎಂದಳು ಜಯಶೀಲ. ದನಿ ಅಲುಗಲಿಲ್ಲ.

ಅವನು ಬೆರಳು ಚೀಪಿದ. ಬಾಗಿಲ ಕಡೆ ತಿರುಗಿದ. ಹೋದ ಎಂದುಕೊಂಡೆ. ಹೋಗಲಿಲ್ಲ. ಸೂಜಿಯತ್ತ ನೋಡಿದ, ಅದರ ಹಿಂದಿದ್ದ ದಾರವನ್ನು ನೋಡಿದ. ನಿಧಾನಕ್ಕೆ ಮುಖ ಬದಲಾಯಿತು. ಪ್ಯಾಂಟಿನ ಜೇಬಿನಿಂದ ಹಣ್ಣಿನ ಪೆಟ್ಟಿಗೆ ಕೊಯ್ಯುವ ಚಾಕು ತೆಗೆದ. ಚಾಕು ನನ್ನ ಗೋಡೆಗೆ ಬಿತ್ತು. ಎದೆಯೆತ್ತರದಿಂದ ಕೆಳಕ್ಕೆ ಸೀಳುತ್ತ ಬಂತು, ಮಡಿಕೆಯ ಕಡೆಗೆ. ಗೇಣು ಉಳಿದಿತ್ತು. ನಾಲ್ಕು ಬೆರಳು ಉಳಿದಿತ್ತು. ನನಗೆ ಕೂಗಲು ಬಾಯಿಲ್ಲ, ಇದ್ದ ಒಂದು ಬಾಯಿ ಜಿಪ್ಪು.

ಆ ಸೀಳಿನಿಂದ ಬೆಳಕು ಒಳಗೆ ಬಂತು. ಬೆಳಕಿನಾಚೆ ಸೊಲಾಂಜಳ ಮುಖವಿತ್ತು.

ಜಾಗ ಖಾಲಿಯಾಯಿತೇ ಎಂದು ನೋಡಲು ಬಂದವಳು ಅವಳು. ಚಾಕು ನೋಡಿದಳು, ಸುರಿದ ಹಿಟ್ಟು ನೋಡಿದಳು. ದೇವೇಂದ್ರ ಕೂಡಲೇ ಹಲ್ಲು ಕಿರಿದು ಅವಳ ಭಾಷೆಯಲ್ಲಿ, "ಗುಡಾರ ಹಳೆಯದಾಯಿತು ಮದಾಂ, ಬಿಚ್ಚುತ್ತಿದ್ದೇನೆ, ನನ್ನ ತಂಗಿಯ ರಜೆ ಮುಗಿಯಿತು" ಎಂದ. ಮತ್ತೆ ಜಯಶೀಲಳ ಕಡೆ, ನಗುತ್ತಲೇ, ಕನ್ನಡದಲ್ಲಿ: "ಹೇಳು. ಹೇಳ್ದೆ ಇದ್ರೆ ಮಗೂನ ಈಗ್ಲೇ ಕಿತ್ಕೊಂತಾರೆ. ಹೇಳು ವಾಕ್ಯ."

ಜಯಶೀಲ ಬಾಯಿ ತೆರೆದಳು. ಚರ್ಚಿನ ಗಡಿಯಾರ ಒಂದು ಗಂಟೆ ಬಾರಿಸಿತು. ಅವಳಿಗೆ ಆ ಭಾಷೆಯಲ್ಲಿ ಗೊತ್ತಿದ್ದದ್ದು ಒಂದೇ ವಾಕ್ಯ, ಅದು ಸುಳ್ಳು. ಅದನ್ನು ಮುರಿಯುವ ಪದ ಬೇಕಿತ್ತು. ಬಾಗಿಲಾಚೆ ನಿಂತ ಮಗಳ ಕಡೆ ತಿರುಗಿ ಕೇಳಿದಳು:

"ಚಿನ್ನಾ, ಅಲ್ಲ ಅನ್ನಕ್ಕೆ ಏನಂತಾರೆ?"

"ಪಾ," ಎಂದಳು ಸಿಂಚನ. ಉಯ್ಯಾಲೆಯ ಹತ್ತಿರ ಕಲಿತದ್ದು.

"ಪಾ ವಕಾಂಸ್," ಎಂದಳು ಜಯಶೀಲ ಸೊಲಾಂಜಳಿಗೆ. ರಜೆ ಅಲ್ಲ. ಮತ್ತೊಮ್ಮೆ, ಗಟ್ಟಿಯಾಗಿ, ತನ್ನ ಸೂಜಿಗಾಯದ ಕೈಗಳನ್ನು ಮುಂದೆ ಚಾಚಿ: "ಪಾ ವಕಾಂಸ್!"

ಸೊಲಾಂಜ್ ನನ್ನನ್ನು ಸುತ್ತಿ ಮುಂದಕ್ಕೆ ಬಂದಳು. ಮಂಡಿನೋವಿನ ಆ ಹೆಂಗಸು ಬಾಗಿಲಿಗೆ ಅಡ್ಡ ನಿಂತು, ಜೇಬಿನಿಂದ ಫೋನು ತೆಗೆದು ಪೊಲೀಸರಿಗೆ ಹಚ್ಚಿದಳು. ಎದುರಿಗೆ ನಿಂತಿದ್ದ ವ್ಯಾನಿನ ನಂಬರನ್ನು ಒಂದೊಂದೇ ಅಂಕಿಯಾಗಿ ಓದತೊಡಗಿದಳು. ಎರಡನೇ ಅಂಕಿಗೆ ದೇವೇಂದ್ರ ತಾನೇ ಕೊಯ್ದ ಸೀಳಿನಲ್ಲಿ ನುಸುಳಿ ಓಡಿದ. ವ್ಯಾನು ಜಲ್ಲಿ ಸಿಡಿಸುತ್ತ ಗೇಟು ದಾಟಿತು.

ಅವನು ಹೋದ, ಹೆದರಿಕೆ ಹೋಗಲಿಲ್ಲ. ಲಿಂಗರಾಜು ಚೀಲ ಹೆಗಲಿಗೇರಿಸಿದ್ದ. "ಪೊಲೀಸ್ ಬತ್ತಾವ್ರೆ, ಎದ್ದೇಳು. ಹೊಳೆ ದಾಟ್ಬುಡಾಣ. ಮಗೂನ ಕಿತ್ಕೊಂಡ್ರೆ ಏನ್ ಮಾಡ್ತೀಯ?"

ಜಯಶೀಲ ಹಲ್ಲಿನಿಂದ ದಾರ ಕಡಿದು ಮಡಿಕೆ ಬಿಚ್ಚಿದಳು. ಮೂರು ಪಾಸ್‌ಪೋರ್ಟ್ ತೆಗೆದು, ಒಂದನ್ನು ಗಂಡನ ಕೈಗಿಟ್ಟಳು, ಒಂದನ್ನು ಮಗಳ ಕೈಗಿಟ್ಟಳು.

"ಅವನು ಹೇಳಿದ್ದಲ್ವಾ ಅದು? ಅವನು ಹೇಳಿದ್ರಲ್ಲಿ ಯಾವ್ದು ನಿಜ ಆಯ್ತು ಇಲ್ಲೀಗಂಟ? ಓಡಿದ್ರೆ ಕಳ್ಳರು ನಾವಾಗ್ತೀವಿ. ಕುಂತ್ಕಳಿ."

ಆಮೇಲೆ ಪೊರಕೆ ತೆಗೆದುಕೊಂಡು ನನ್ನ ಬಾಗಿಲಿನಾಚೆಗೂ ಚೆಲ್ಲಿದ್ದ ರಾಗಿಹಿಟ್ಟನ್ನು ಗುಡಿಸಿದಳು. ಗುಡಿಸಿದ ನೆಲದ ಮೇಲೆ ಮೂವರೂ ಕೂತರು, ಹುಡುಗಿ ನಡುವೆ. ಪೊಲೀಸರ ನೀಲಿ ಕಾರು ಬಂತು. ಒಬ್ಬ ಹೆಂಗಸು, ಒಬ್ಬ ಗಂಡಸು ಇಳಿದರು. ಸೊಲಾಂಜ್ ತುಂಬ ಹೊತ್ತು ಮಾತಾಡಿದಳು. ಹುಡುಗಿಯನ್ನು ಬೇರೆಯಾಗಿ ಮಾತಾಡಿಸಲು ಕರೆದಾಗ ಜಯಶೀಲ ಅವಳ ಕೈ ಬಿಡಲಿಲ್ಲ. ಕೊನೆಗೆ ಮೂವರೂ ಹಿಂದಿನ ಸೀಟಿನಲ್ಲೇ ಕೂತರು. ಒಂದೇ ಕಾರು, ಒಂದೇ ಸೀಟು. ನಾನು ಕಂಡದ್ದು ಅಷ್ಟೇ.

ಇದಾಗಿ ಆರು ಬೇಸಿಗೆ ಕಳೆದಿವೆ. ಈಗ ನಾನು ಸೊಲಾಂಜಳ ಶೆಡ್ಡಿನಲ್ಲಿ, ಹುಲ್ಲು ಕೊಯ್ಯುವ ಮಷೀನಿನ ಪಕ್ಕದಲ್ಲಿ ಮಡಿಚಿ ಬಿದ್ದಿದ್ದೇನೆ. ಸೀಳಿದ ಗುಡಾರವನ್ನು ಎಸೆಯಲು ಅವಳಿಗೆ ಮನಸ್ಸಾಗಿಲ್ಲ. ಕಡ್ಡಿಪೊರಕೆ ಗೋಡೆಯ ಮೊಳೆಗೆ ನೇತಾಡುತ್ತಿದೆ. ಆ ಕಾರಿನಿಂದ ಅವರು ಒಂದೇ ಬಾಗಿಲಲ್ಲಿ ಇಳಿದರೋ, ಬೇರೆ ಬೇರೆ ಬಾಗಿಲಲ್ಲೋ, ನನಗೆ ತಿಳಿಯದು. ಸೊಲಾಂಜಳಿಗೂ ಯಾರೂ ಹೇಳಲಿಲ್ಲ, ಎರಡು ಸಲ ಪಟ್ಟಣಕ್ಕೆ ಹೋಗಿ ಕೇಳಿ ಬಂದಳು. ಹೊಲಿದವರು, ಹಣ್ಣು ಕಿತ್ತವರು ಎಲ್ಲಿ ಹೋದರೆಂಬ ಸುದ್ದಿ ಯಾವ ದೇಶದ ಆಫೀಸಿನಲ್ಲೂ ಬೇಗ ಸಿಗುವುದಿಲ್ಲ. ಅದಕ್ಕೇ ನನ್ನ ಹೆದರಿಕೆಗೆ ಇನ್ನೂ ವಯಸ್ಸಾಗಿಲ್ಲ.

ಶೆಡ್ಡಿನ ಕಿಟಕಿಯಿಂದ ಮೈದಾನ ಕಾಣುತ್ತದೆ. ಪ್ರತಿ ಬೇಸಿಗೆ ಹೊಸ ಗುಡಾರಗಳು ಬರುತ್ತವೆ, ಕೆಲವು ನಾನು ಹುಟ್ಟಿದ ರಸ್ತೆಯವೇ, ಅದೇ ಅಂಚು. ಅವುಗಳ ಮುಂದೆ ಯಾರಾದರೂ ಬೆಳಿಗ್ಗೆ ಗುಡಿಸುತ್ತಿದ್ದಾರೆಯೇ ಎಂದು ನೋಡುತ್ತೇನೆ. ಸೊಲಾಂಜಳೂ ನೋಡುತ್ತಾಳೆ. ಈಗ ಅವಳು ಯಾರಿಗೂ ಫೋನು ಮಾಡಿ ಕೇಳುವುದಿಲ್ಲ, ತಾನೇ ಹೋಗಿ ಹುಲ್ಲಿನ ಮೇಲೆ ಕೂರುತ್ತಾಳೆ.

ಕಳೆದ ತಿಂಗಳು ಅವಳು ನನ್ನ ಸೀಳಿಗೆ ತೇಪೆ ಹಾಕಲು ಕೂತಳು. ಮಡಿಕೆಯ ಹತ್ತಿರ ಬಂದಾಗ ಬೆರಳು ಹಿಂದಕ್ಕೆಳೆದುಕೊಂಡು, ಬಗ್ಗಿ ನೋಡಿದಳು. ಜಯಶೀಲಳ ಸೂಜಿ ಅಲ್ಲೇ ಇತ್ತು, ತುಕ್ಕು ಹಿಡಿದು, ಅರ್ಧ ಬಟ್ಟೆಯೊಳಗೆ. ತೆಗೆಯಲು ಹೋದಳು. ಯಾಕೋ ನಿಂತಳು. ಆಮೇಲೆ ಸುತ್ತಲಿನ ತೇಪೆಯನ್ನು ಮಾತ್ರ ಹೊಲಿದು, ಮಡಿಕೆಯ ಬಾಯನ್ನು ತೆರೆದೇ ಬಿಟ್ಟು, ಸೂಜಿಯನ್ನು ಇದ್ದಲ್ಲೇ ಇಟ್ಟು, ನನ್ನನ್ನು ಮಡಿಚಿ, ಬೇಕಾದವರ ಕೈಗೆ ಸಿಗುವ ಹಾಗೆ ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟಳು.